ಕಾಫಿ ಗೀಫಿ ಕುಡಿಯೋಣ್ವಾ?

ನಮ್ಮಲ್ಲಿ ಕರೆಯುವುದಕ್ಕೆ ಎರಡು ಕನ್ನಡಗಳಿವೆ. ಗೃಹಪ್ರವೇಶಕ್ಕೋ ಗಣೇಶನ ಹಬ್ಬಕ್ಕೋ ಇ-ಮೇಲ್‌ನಲ್ಲಿ ಬರುವ "ತಾವು ಸಕುಟುಂಬ ಸಪರಿವಾರ ಸಮೇತರಾಗಿ" ಒಂದು. ಶುಕ್ರವಾರ ಸಂಜೆ ಫೋನಿನಲ್ಲಿ ಬರುವ "ಲೋ, ಕಾಫಿ ಗೀಫಿ ಕುಡಿಯೋಣ್ವಾ?" ಇನ್ನೊಂದು. ಮೊದಲನೆಯದಕ್ಕೆ ಹಳೆಯ ಆಮಂತ್ರಣ ಪತ್ರಿಕೆಗಳ ಮಾದರಿಯಿದೆ. ಎರಡನೆಯದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಕಟ್ಟೆಯ ಮೇಲೆ, ಬಸ್‌ಸ್ಟಾಪಿನಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ತಾನಾಗಿ ಬಂದದ್ದು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಕಟ್ಟೆಯೂ ಇಲ್ಲ, ಬಸ್‌ಸ್ಟಾಪಂತೂ ಕೇಳಲೇಬೇಡಿ. ಹಾಗಾಗಿ ಈ ಎರಡನೆಯ ಕನ್ನಡದ ಒಳಗುಟ್ಟನ್ನು ಸ್ವಲ್ಪ ಬಿಚ್ಚಿ ನೋಡುವುದು ಒಳ್ಳೆಯದು.

ಗುಟ್ಟೆಲ್ಲ ಇರುವುದು ಕ್ರಿಯಾಪದದ ಬಾಲದಲ್ಲಿ. "ಸಿನಿಮಾಕ್ಕೆ ಬರ್ತೀಯಾ?" ಅಂದರೆ ನಾನು ಹೇಗೂ ಹೊರಟಿದ್ದೇನೆ, ನೀನು ಬಂದರೆ ಸಂತೋಷ. "ಸಿನಿಮಾಕ್ಕೆ ಹೋಗೋಣ್ವಾ?" ಅಂದರೆ ಇನ್ನೂ ಏನೂ ತೀರ್ಮಾನವಾಗಿಲ್ಲ, ನೀನು ಹ್ಞೂಂ ಅಂದರೆ ಮಾತ್ರ ಸಿನಿಮಾ. "ನಡಿ, ಹೋಗೋಣ" ಅಂದರೆ ನಿನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಚಪ್ಪಲಿ ಹಾಕ್ಕೋ. ಮೂರಕ್ಕೂ ಇಂಗ್ಲಿಷಿನಲ್ಲಿ "ಲೆಟ್ಸ್ ಗೋ" ಅಂತಲೇ ಒಂದು ಗೆರೆ ಎಳೆದುಬಿಡುತ್ತೇವೆ. ಸ್ನೇಹದ ಅಳತೆಗೋಲು ಮಾತ್ರ ಆ ಮೂರರ ನಡುವಿನ ಅಂತರದಲ್ಲಿಯೇ ಇದೆ.

ಈ "ಓಣ" ಇನ್ನೊಂದು ಉಪಕಾರ ಮಾಡುತ್ತದೆ. ತಮಿಳಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡ "ನಾವು" ಬೇರೆ, ಅವರನ್ನು ಬಿಟ್ಟ "ನಾವು" ಬೇರೆ. ತೆಲುಗಿನ ಮನಂ ಮತ್ತು ಮೇಮು, ತುಳುವಿನ ನಮ ಮತ್ತು ಎಂಕುಲು ಕೂಡ ಹಾಗೆಯೇ. ಇಂದಿನ ಕನ್ನಡದಲ್ಲಿ ಆ ಭೇದ ಇಲ್ಲ. "ನಾವು ಗ್ಯಾಲ್ವೆಸ್ಟನ್ ಬೀಚಿಗೆ ಹೋಗ್ತೀವಿ" ಎಂದು ಸ್ನೇಹಿತ ಹೇಳಿದರೆ, ಆ "ನಾವು" ನಮ್ಮನ್ನೂ ಒಳಗೊಂಡಿದೆಯೋ ಇಲ್ಲವೋ ಎಂದು ಗಂಟೆಗಟ್ಟಲೆ ಯೋಚಿಸಬೇಕು. "ಹೋಗೋಣ" ಎಂದರೆ ಆ ಅನುಮಾನವೇ ಇಲ್ಲ; ಕೇಳಿಸಿಕೊಂಡವರು ಒಳಗೇ ಇದ್ದಾರೆ.

ಹ್ಯೂಸ್ಟನ್ನಿನಲ್ಲಿ ಇಂಡೋನೇಷ್ಯಾದ ಕಾನ್ಸುಲೇಟ್ ಇದೆ, ಅವರ ಭಾಷೆಯಲ್ಲೂ ಇದೇ ಆಟ. ಎಲ್ಲರೂ ಸೇರಿದ "ನಾವು" ಕಿತಾ, ನಿಮ್ಮನ್ನು ಬಿಟ್ಟದ್ದು ಕಾಮಿ. ಗೆಳೆಯರನ್ನು ಕರೆಯಲು ಅವರಿಗೆ "ಯುಕ್" ಎಂಬ ಪುಟ್ಟ ಬಾಲ ಸಾಕು. ಮಾಕನ್ ಎಂದರೆ ಊಟ ಮಾಡು, "ಮಾಕನ್ ಯುಕ್" ಎಂದರೆ ಊಟ ಮಾಡೋಣ್ವಾ. ಕಾಫಿಗೆ ಕೊಪಿ, ಕಾಫಿ ಕುಡಿಯುವುದಕ್ಕೆ ಆಡುಮಾತಿನಲ್ಲಿ ಙೊಪಿ, ಕರೆಯುವಾಗ "ಙೊಪಿ ಯುಕ್". (ನಮ್ಮ ವರ್ಣಮಾಲೆಯಲ್ಲಿ ಸಂಬಳವಿಲ್ಲದೆ ಕುಳಿತಿರುವ ಙ ಅಕ್ಷರಕ್ಕೆ ಅಲ್ಲಿ ದಿನಕ್ಕೆ ನಾಲ್ಕು ಸಲ ಕೆಲಸ!) ಕೆಲಸವಿಲ್ಲದೆ ಗುಂಪಾಗಿ ಕುಳಿತು ಹರಟುವುದಕ್ಕೆ ಅವರಲ್ಲಿ "ನೊಂಕ್ರೊಂಗ್" ಎಂಬ ಮಾತಿದೆ. ನಮ್ಮ "ಹರಟೆ ಹೊಡೆಯೋದು" ಅದಕ್ಕೇನೂ ಕಡಿಮೆಯದಲ್ಲ.

ನಮ್ಮ ಬಾಲಕ್ಕೂ ಊರೂರಿಗೆ ಒಂದೊಂದು ರೂಪ. ಬೆಂಗಳೂರು-ಮೈಸೂರಿನ "ಹೋಗೋಣ್ವಾ" ಧಾರವಾಡದಲ್ಲಿ "ಹೋಗೂಣೇನು" ಆಗುತ್ತದೆ, ಮಂಗಳೂರಿನಲ್ಲಿ "ಹೋಗುವ", ಕುಂದಾಪುರದಲ್ಲಿ "ಹ್ವಾಪ", ಹವ್ಯಕರಲ್ಲಿ "ಹೋಪ". ಪ್ಲೇನೋದಲ್ಲೋ ಷುಗರ್‌ಲ್ಯಾಂಡಿನಲ್ಲೋ ಒಂದೇ ಮನೆಯ ಅಂಗಳದಲ್ಲಿ ಇವೆಲ್ಲ ಒಟ್ಟಿಗೆ ಕೇಳಿಸುತ್ತವೆ. ಮಂಗಳೂರಿನವರ "ಚಾ ಕುಡಿಯುವ ಮಾರಾಯ" ಎಂಬುದನ್ನು ಚಹಾ ಕುಡಿಯುತ್ತಿರುವ ಯಾರೋ ಮಾರಾಯನ ವರ್ಣನೆ ಎಂದು ಮೈಸೂರಿನವರು ತಿಳಿದುಕೊಂಡರೆ ಆಶ್ಚರ್ಯವಿಲ್ಲ. ಅದು ಆಹ್ವಾನ, ಎದ್ದು ಹೋಗಬೇಕು.

ಸಂಬೋಧನೆಯ ವಿಷಯ ಬಂದರೆ, ಕರೆಯುವಾಗ ನಮ್ಮ ಜನ ಸಂಬಂಧಗಳನ್ನೆಲ್ಲ ತಲೆಕೆಳಗು ಮಾಡುತ್ತಾರೆ. ಓರಗೆಯವನು "ಮಗಾ" ಆಗುತ್ತಾನೆ, ಏನನ್ನೂ ಕಲಿಸದವನು "ಗುರು", ಏನನ್ನೂ ಕಲಿಯದವನು "ಶಿಷ್ಯ". "ಮಾರಾಯ" ಮೂಲದಲ್ಲಿ ಮಹಾರಾಯ. "ಮಚ್ಚಾ" ತಮಿಳಿನ ಭಾವಮೈದುನ. ಉತ್ತರ ಕರ್ನಾಟಕದ "ಲೇ" ಗೆಳೆಯರ ನಡುವೆ ಬೆಲ್ಲ, ಅಪರಿಚಿತರ ಮೇಲೆ ಜಗಳ. ಹೆಂಗಸರಿಗೆ "ಬಾರೇ", "ಕಣೇ" ಇದ್ದೇ ಇವೆ, ಈಚೆಗೆ ಹುಡುಗಿಯರೂ ತಮ್ಮತಮ್ಮಲ್ಲಿ "ಮಗಾ" ಎನ್ನುವುದನ್ನು ಕೇಳಿದ್ದೇನೆ.

ಇಲ್ಲಿ ನಮಗೆ ಆಗುತ್ತಿರುವ ನಷ್ಟ ಎರಡು ತರಹದ್ದು. ದೊಡ್ಡವರಾದ ಮೇಲೆ ಸಂಘದಲ್ಲಿ ಪರಿಚಯವಾದವರಿಗೆ "ನೀವು" ಅನ್ನುತ್ತೇವೆ, ಹತ್ತು ವರ್ಷದ ಮೇಲೂ ಅನ್ನುತ್ತೇವೆ. "ನೀನು" ದಾಟದೆ "ಬಾರೋ" ಹುಟ್ಟುವುದಿಲ್ಲ. ಹಾಗಾಗಿ "ಒಂದ್ಸಲ ಮನೆಗೆ ಬನ್ನಿ" ಎಂಬ ತಾರೀಖಿಲ್ಲದ ಕರೆ, ಅದಕ್ಕೆ "ನೋಡೋಣ" ಎಂಬ ಉತ್ತರ. ಗಮನಿಸಿ, ಅಲ್ಲಿಯೂ ಅದೇ "ಓಣ" ಇದೆ. ಕನ್ನಡದಲ್ಲಿ ಬರುವುದಿಲ್ಲ ಎಂದು ಹೇಳುವ ಅತ್ಯಂತ ಮರ್ಯಾದೆಯ ಮಾತು ಅದು. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಸುಮಾರು 240 ಮೈಲಿ, ಆಸ್ಟಿನ್ನಿಗೆ ಸುಮಾರು 195. "ಇಲ್ಲೇ ಬಂದಿದ್ದೆ, ಹಾಗೇ ಬಂದೆ" ಎಂದು ಬಾಗಿಲು ತಟ್ಟುವ ಹಾಗೂ ಇಲ್ಲ.

ಎರಡನೆಯ ನಷ್ಟ ಮಕ್ಕಳದ್ದು, ನನ್ನ ಚಿಂತೆಯೆಲ್ಲ ಅದರ ಬಗ್ಗೆಯೇ. ಮನೆಯಲ್ಲಿ ಅವರ ಕಿವಿಗೆ ಬೀಳುವ ಕನ್ನಡ ಯಾವುದು? ಬಾ, ತಿನ್ನು, ಹಲ್ಲುಜ್ಜು, ಮಲಗು, ಅಂಕಲ್‌ಗೆ ನಮಸ್ಕಾರ ಮಾಡು. ಎಲ್ಲವೂ ಆಜ್ಞೆಗಳು, ಎಲ್ಲವೂ ಮೇಲಿನಿಂದ ಕೆಳಕ್ಕೆ. ಇನ್ನೊಬ್ಬ ಕನ್ನಡದ ಹುಡುಗನನ್ನು ಆಟಕ್ಕೆ ಕರೆಯುವಾಗ ಅವರು ಇಂಗ್ಲಿಷಿಗೆ ಹೋಗುತ್ತಾರೆ, ಯಾಕೆಂದರೆ ಸಮಾನರ ನಡುವಿನ ಕನ್ನಡವನ್ನು ಅವರು ಕೇಳಿಯೇ ಇಲ್ಲ. ವಾರಾಂತ್ಯದ ತರಗತಿಗಳಲ್ಲಿ ಕಾಗುಣಿತ ಕಲಿಸುತ್ತೇವೆ, ಪದ್ಯ ಬಾಯಿಪಾಠ ಮಾಡಿಸುತ್ತೇವೆ. ಅಜ್ಜಿಯ ಜೊತೆ ಮಾತಾಡುವುದಕ್ಕಷ್ಟೇ ಬೇಕಾಗುವ ಭಾಷೆ ಅಜ್ಜಿಯ ಜೊತೆಗೇ ಹೋಗುತ್ತದೆ.

ಇದಕ್ಕೆ ಪಠ್ಯಪುಸ್ತಕ ಬೇಕಿಲ್ಲ, ಹತ್ತು ನಿಮಿಷ ಸಾಕು. ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿ ಒಬ್ಬರನ್ನೊಬ್ಬರು ಕರೆಯುವಂತೆ ಹೇಳಿ: ಆಡೋಣ್ವಾ, ತಿನ್ನೋಣ್ವಾ, ಓಡೋಣ್ವಾ. "ನೀವು" ಬೇಡ, "ಕಣೋ" "ಕಣೇ" ಇರಲಿ. ಜೊತೆಗೆ ಗಿಕಾರದ ಆಟವನ್ನೂ ಸೇರಿಸಬಹುದು. ಮೊದಲ ಅಕ್ಷರ ತೆಗೆದು ಗಿ ಅಥವಾ ಗೀ ಹಾಕಿದರೆ ಕಾಫಿ ಗೀಫಿ, ಪಿಜ್ಜಾ ಗಿಜ್ಜಾ, ಬಾಸ್ಕೆಟ್‌ಬಾಲ್ ಗೀಸ್ಕೆಟ್‌ಬಾಲ್. ಯಾವ ಪದ ಕೊಟ್ಟರೂ ನಡೆಯುತ್ತದೆ, ಮಕ್ಕಳು ನಗುತ್ತಾರೆ, ಮತ್ತು "ಅದೇ ಆಗಬೇಕೆಂದಿಲ್ಲ, ಅಂಥದ್ದೇನಾದರೂ ಸರಿ" ಎಂಬ ಸಡಿಲ ಧಾಟಿ ಕರೆಗೆ ತಾನಾಗಿ ಬರುತ್ತದೆ. ಗಿಡ ಎಂಬುದಕ್ಕೆ ಏನು ಜೋಡಿಸುವುದು ಎಂದು ಯಾವುದಾದರೂ ಚುರುಕು ಮಗು ಕೇಳೀತು. ಅದಕ್ಕೆ ಗಿಡಗಂಟಿ ಇದೆ.