ಅಜ್ಜನ ಗಾಳ, ಮೊಮ್ಮಗನ ಸಾಲ್ಮನ್

ಕಳೆದ ಬೇಸಿಗೆಯಲ್ಲಿ ಅಪ್ಪ ಗಂಗೊಳ್ಳಿಯಿಂದ ಮೂರು ತಿಂಗಳಿಗೆಂದು ಸಿಯಾಟಲ್‌ಗೆ ಬಂದಿದ್ದರು. ಒಂಬತ್ತು ವರ್ಷದ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಮೊದಲ ಎರಡು ವಾರ ಅಜ್ಜ-ಮೊಮ್ಮಗನ ಮಾತು "ಊಟ ಆಯ್ತಾ?", "ಯೆಸ್ ಅಜ್ಜ" ಎಂಬಲ್ಲಿಗೇ ನಿಲ್ಲುತ್ತಿತ್ತು. ಅಪ್ಪ ಸಪ್ಪೆ ಮುಖ ಮಾಡಿಕೊಂಡು ಕಿಟಕಿ ಪಕ್ಕ ಕೂರುತ್ತಿದ್ದರು. ಮಗ ತನ್ನ ಕೋಣೆ ಸೇರುತ್ತಿದ್ದ.

ಒಂದು ಸಂಜೆ ಅಪ್ಪ, "ಇಲ್ಲಿ ಸಮುದ್ರ ಉಂಟಲ್ಲ, ಮೀನು ಹಿಡಿಯುವವರಿಲ್ವಾ?" ಎಂದು ಕೇಳಿದರು. ಅವರ ತಂದೆಗೆ ದೋಣಿಯಿತ್ತು. ಅಪ್ಪ ಓದಿ ಬ್ಯಾಂಕ್ ಕೆಲಸ ಸೇರಿದರೂ ಹದಿನೆಂಟರವರೆಗೆ ಕಡಲಿಗೆ ಹೋಗಿ ಬಂದವರೇ. ಆ ಪ್ರಶ್ನೆಯಿಂದಲೇ ನಮ್ಮ ಸಾಲ್ಮನ್ ಪ್ರವಾಸ ಶುರುವಾಯಿತು. ನಾನು ಪ್ರಯೋಗಾಲಯದಲ್ಲಿ ದುಡಿಯುವವಳು, ತಯಾರಿಯಿಲ್ಲದೆ ಏನನ್ನೂ ಮಾಡಿದವಳಲ್ಲ. ಆದರೂ ಈ ತಯಾರಿ ನನಗೆ ಹೊಸ ಪಾಠಗಳನ್ನೇ ಕಲಿಸಿತು. ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಎಲ್ಲಿ, ಯಾವಾಗ?

ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ತೀರದಲ್ಲಿ ಗ್ರೇಸ್ ಹಾರ್ಬರ್‌ನ ಬಾಯಲ್ಲಿರುವ ವೆಸ್ಟ್‌ಪೋರ್ಟ್ ಬಾಡಿಗೆ ದೋಣಿಗಳ ಊರು. ಸಿಯಾಟಲ್‌ನಿಂದ ಸುಮಾರು ಎರಡೂವರೆ ಗಂಟೆಯ ದಾರಿ. ದೋಣಿಗಳು ಬೆಳಕು ಹರಿಯುವ ಹೊತ್ತಿಗೇ ಹೊರಡುವುದರಿಂದ ಹಿಂದಿನ ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದು. ಸಮುದ್ರದ ಸಾಲ್ಮನ್ ಹಂಗಾಮು ಸಾಮಾನ್ಯವಾಗಿ ಬೇಸಿಗೆಯಲ್ಲಿ. ದಿನಾಂಕ, ಒಬ್ಬರಿಗೆ ಎಷ್ಟು ಮೀನು, ಯಾವ ಜಾತಿ ಎಂಬುದೆಲ್ಲ ವರ್ಷವರ್ಷವೂ ಬದಲಾಗುತ್ತದೆ. ನಿಗದಿಯಾದ ಪಾಲು ಮುಗಿದರೆ ಹಂಗಾಮು ಬೇಗ ಮುಚ್ಚುವುದೂ ಉಂಟು. ಹಾಗಾಗಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ನಿಯಮಗಳನ್ನು ಬುಕ್ ಮಾಡುವಾಗ ಒಮ್ಮೆ, ಹೊರಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ.

ಇದನ್ನು ಹೇಳಿದಾಗ ಅಪ್ಪನಿಗೆ ಏನೂ ಹೊಸದೆನಿಸಲಿಲ್ಲ. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. "ಮೀನು ಮರಿ ಮಾಡುವ ಕಾಲ, ಬಿಡಬೇಕು" ಎಂದು ಅವರು ಮೊಮ್ಮಗನಿಗೆ ವಿವರಿಸಿದರು. ಅವನು ಕೇಳಿಸಿಕೊಂಡ.

ಬುಕ್ ಮಾಡುವ ಮುಂಚೆ ಕೇಳಬೇಕಾದ್ದು

ಬಾಡಿಗೆ ದೋಣಿಗಳಲ್ಲಿ ಎರಡು ಬಗೆ. ಹತ್ತಾರು ಜನ ಒಟ್ಟಿಗೆ ಹೋಗುವ ದೊಡ್ಡ ದೋಣಿಯಲ್ಲಿ ತಲೆಗಿಷ್ಟು ಎಂದು ಹಣ. ಆರು ಜನರ ಸಣ್ಣ ದೋಣಿಯನ್ನು ಇಡಿಯಾಗಿ ಗೊತ್ತು ಮಾಡಬಹುದು. ದೊಡ್ಡದು ಅಲೆಗೆ ಕಡಿಮೆ ಹೊಯ್ದಾಡುತ್ತದೆ, ಶೌಚಾಲಯವೂ ಇರುವ ಸಾಧ್ಯತೆ ಹೆಚ್ಚು. ಮಕ್ಕಳಿದ್ದರೆ ಈ ಪ್ರಶ್ನೆಗಳನ್ನು ತಪ್ಪದೆ ಕೇಳಿ: ಎಷ್ಟು ವಯಸ್ಸಿನ ಮಕ್ಕಳನ್ನು ಒಪ್ಪುತ್ತೀರಿ? ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ? ಎಷ್ಟು ಗಂಟೆಯ ಪ್ರಯಾಣ? ಹವಾಮಾನ ಕೆಟ್ಟು ರದ್ದಾದರೆ ಹಣ ವಾಪಸೋ, ಬೇರೆ ದಿನವೋ? ಮೀನು ಕತ್ತರಿಸಿ ಕೊಡಲು ಬೇರೆ ಶುಲ್ಕವೇ? ಸಹಾಯಕರಿಗೆ ಟಿಪ್ಸ್ ಕೊಡುವುದು ರೂಢಿ, ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಲೈಸೆನ್ಸ್ ವಿಷಯ. ವಾಷಿಂಗ್ಟನ್‌ನಲ್ಲಿ 15 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಲೈಸೆನ್ಸ್ ಬೇಡ. ಆದರೆ ಸಾಲ್ಮನ್ ಹಿಡಿಯುವುದಾದರೆ ಹಿಡಿದದ್ದನ್ನು ಬರೆದಿಡುವ ಕ್ಯಾಚ್ ಕಾರ್ಡ್ ಮಕ್ಕಳಿಗೂ ಬೇಕು. ಊರಿಂದ ಬಂದ ಅಪ್ಪ-ಅಮ್ಮನಿಗೆ ಒಂದು ದಿನದ ಲೈಸೆನ್ಸ್ ಮಾಡಿಸಬಹುದು. ಗುರುತಿಗೆ ಪಾಸ್‌ಪೋರ್ಟ್ ಜೊತೆಗಿರಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಿಯಮವೇ ಬೇರೆ. ಅಲ್ಲಿ ಸಮುದ್ರದಲ್ಲಿ ಮೀನು ಹಿಡಿಯಲು 16ರೊಳಗಿನ ಮಕ್ಕಳಿಗೂ ಲೈಸೆನ್ಸ್ ಬೇಕು, ಆದರೆ ಅದು ಉಚಿತ.

ಐದು ಬೆರಳು, ಐದು ಮೀನು

ಹೋಗುವ ಮುಂಚಿನ ಮೂರು ವಾರವೇ ನಮ್ಮ ಮನೆಯ ನಿಜವಾದ ಕನ್ನಡ ತರಗತಿ. ಪೆಸಿಫಿಕ್ ಸಾಲ್ಮನ್‌ನ ಐದು ಜಾತಿಗಳನ್ನು ಇಲ್ಲಿನ ಶಾಲೆಗಳಲ್ಲಿ ಬೆರಳೆಣಿಸಿ ಕಲಿಸುತ್ತಾರೆ. ನಾವು ಅದನ್ನು ಕನ್ನಡಕ್ಕೆ ಒಗ್ಗಿಸಿಕೊಂಡೆವು. ಹೆಬ್ಬೆರಳು ಚಮ್ (ಇಂಗ್ಲಿಷಿನ 'ಥಂಬ್' ಜೊತೆ ಪ್ರಾಸ). ಕಣ್ಣಿಗೆ ಚುಚ್ಚಬಹುದಾದ ತೋರುಬೆರಳು ಸಾಕ್‌ಐ. ಎಲ್ಲಕ್ಕಿಂತ ಉದ್ದದ ನಡುಬೆರಳು ರಾಜ, ಅಂದರೆ ಕಿಂಗ್ ಅಥವಾ ಚಿನೂಕ್. ಬೆಳ್ಳಿಯುಂಗುರ ಹಾಕುವ ಉಂಗುರಬೆರಳು ಸಿಲ್ವರ್, ಅಂದರೆ ಕೋಹೋ. ಕಿರುಬೆರಳು ಪಿಂಕ್, ಐದರಲ್ಲಿ ಅದೇ ಚಿಕ್ಕದು. ಬೆರಳುಗಳ ಕನ್ನಡ ಹೆಸರೂ ಬಂತು, ಮೀನೂ ಬಂತು.

ಅಜ್ಜನಿಂದ ಪದಗಳ ಪಟ್ಟಿ ಬೆಳೆಯುತ್ತ ಹೋಯಿತು: ಗಾಳ, ಎರೆ, ಸೀಸದ ಗುಂಡು, ಕಿವಿರು, ಈಜುರೆಕ್ಕೆ, ಉಬ್ಬರ, ಇಳಿತ, ಲಂಗರು. ಇಲ್ಲಿ ಎರೆಗೆ ಬಳಸುವ ಹೆರಿಂಗ್ ನೋಡಿ ಅಪ್ಪ, "ಇದು ನಮ್ಮ ಬೈಗೆಯ ಅಣ್ಣ" ಎಂದರು. ಮಂಗಳೂರಿನವರ ಬೂತಾಯಿ ನಮ್ಮ ಕಡೆಯ ಬೈಗೆ.

ಒಂದು ಶನಿವಾರ ಸಿಯಾಟಲ್‌ನ ಬ್ಯಾಲರ್ಡ್ ಲಾಕ್ಸ್‌ಗೆ ಹೋಗಿ, ಮೀನಿನ ಏಣಿಯ ಗಾಜಿನ ಕಿಟಕಿಯಲ್ಲಿ ಸಾಲ್ಮನ್ ಹತ್ತುವುದನ್ನು ನೋಡಿದೆವು. ಮೀನು ತಿನ್ನದ, ಹಿಡಿಯಲು ಇಷ್ಟವಿಲ್ಲದ ಮನೆಗಳಿಗೆ ಇದು ಮತ್ತು ಇಸಾಕ್ವಾದ ಸಾಲ್ಮನ್ ಮರಿಕೇಂದ್ರ ಎರಡೂ ಸೊಗಸಾದ ಬದಲಿ. ಹುಟ್ಟಿದ ಹೊಳೆಯ ವಾಸನೆಯನ್ನು ನೆನಪಿಟ್ಟುಕೊಂಡು ಸಾಲ್ಮನ್ ಮರಳುತ್ತದೆ ಎಂಬ ವಿಚಾರವನ್ನು ವಿಸ್ಕಾನ್ಸಿನ್‌ನ ಆರ್ಥರ್ ಹಾಸ್ಲರ್ ಮತ್ತು ವಾರನ್ ವಿಸ್ಬಿ 1951ರಲ್ಲಿ ಮುಂದಿಟ್ಟರು ಎಂದು ನಾನು ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನೀನು ಬರೋದು ಎರಡು ವರ್ಷಕ್ಕೊಮ್ಮೆ" ಎಂದರು.

ಚೀಲದಲ್ಲಿ ಏನಿರಲಿ?

ಆಗಸ್ಟ್ ಎಂದು ಮೋಸಹೋಗಬೇಡಿ, ಬೆಳಗಿನ ಜಾವ ಕಡಲಲ್ಲಿ ಮಂಜು, ಚಳಿ. ಒಂದರ ಮೇಲೊಂದು ತೊಡುವ ಉಣ್ಣೆ ಅಥವಾ ಫ್ಲೀಸ್ ಬಟ್ಟೆ, ನೀರು ತಡೆಯುವ ಜಾಕೆಟ್, ರಬ್ಬರ್ ಬೂಟು, ಟೋಪಿ, ಒಂದು ಜೊತೆ ಹೆಚ್ಚುವರಿ ಬಟ್ಟೆ ಇರಲಿ. ಒದ್ದೆಯಾದ ಜೀನ್ಸ್ ಬೇಗ ಒಣಗುವುದಿಲ್ಲ, ಬೇಡ. ಮೀನು ತರಲು ಐಸ್ ತುಂಬಿದ ಪೆಟ್ಟಿಗೆ ಕಾರಿನಲ್ಲಿರಲಿ.

ಕಡಲಬೇನೆಯ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಮುಂಚಿತವಾಗಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ಯಾವುದು, ಎಷ್ಟು ಎಂದು ಅವರ ವೈದ್ಯರನ್ನೇ ಕೇಳಿ. ದೊಡ್ಡವರ ಕಿವಿ ಹಿಂದಿನ ಪಟ್ಟಿಯನ್ನು ಮಕ್ಕಳಿಗೆ ಹಚ್ಚಬೇಡಿ. ಹಿರಿಯರು ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅವರಿಗೂ ವೈದ್ಯರ ಸಲಹೆ ಬೇಕು. ಬೆಳಿಗ್ಗೆ ಎಣ್ಣೆ ತಿಂಡಿ ಬೇಡ. ಒಣ ಚಪಾತಿ, ಶುಂಠಿ, ನೀರು ಸಾಕು.

ಇನ್ನೊಂದು: ಬಾಳೆಹಣ್ಣು ಒಯ್ಯಬೇಡಿ! ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗದು ಎಂಬುದು ಇಲ್ಲಿನ ಅನೇಕ ಮೀನುಗಾರರ ನಂಬಿಕೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸುವ ಊರಿನ ಅಪ್ಪ ಇದನ್ನು ಕೇಳಿ ನಗಲಿಲ್ಲ. ಚೀಲದಿಂದ ಹಣ್ಣನ್ನು ತಾವೇ ತೆಗೆದಿಟ್ಟರು.

ಅಳಿವೆ ದಾಟಿ

ನಮ್ಮ ಮೊದಲ ದಿನಾಂಕ ರದ್ದಾಯಿತು. ಬಂದರಿನ ಬಾಯಲ್ಲಿ ಅಲೆ ಜೋರಾಗಿತ್ತು. ಮಗ ಅತ್ತ. "ದೆ ಕ್ಯಾನ್ಸಲ್ಡ್ ಬಿಕಾಸ್ ಆಫ್ ದ ಬಾರ್" ಎಂದ. ಅಪ್ಪನಿಗೆ ಬಾರ್ ಎಂದರೆ ಬೇರೆಯೇ ಅರ್ಥ! ನಾನು ವಿವರಿಸಿದಾಗ, "ಓ, ಅಳಿವೆ!" ಎಂದರು. ಪಂಚಗಂಗಾವಳಿ ಕಡಲು ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ ಮಗುಚಿದ ದೋಣಿಗಳ ಕತೆ, ತಮ್ಮ ತಂದೆ ದಡದಲ್ಲಿ ನಿಂತು ಅಲೆ ಎಣಿಸುತ್ತಿದ್ದ ಕತೆ ಆ ರಾತ್ರಿ ಬಂತು. "ವಾಪಸ್ ಬರುವವನೇ ಒಳ್ಳೆ ಮೀನುಗಾರ ಮಗಾ" ಎಂದರು. ಮಗ ಮಲಗುವ ಮುಂಚೆ, "ಅಜ್ಜ, ಅಳಿವೆ ನಾಳೆ ಸರಿ ಆಗುತ್ತಾ?" ಎಂದು ಕನ್ನಡದಲ್ಲೇ ಕೇಳಿದ.

ಎರಡು ವಾರದ ನಂತರ ಹೊರಟೆವು. ನನಗೆ ಹೊಟ್ಟೆ ತೊಳಸಿತು, ಅಪ್ಪ ಅಲುಗಾಡದೆ ನಿಂತಿದ್ದರು. ಒಂಬತ್ತರ ಸುಮಾರಿಗೆ ಮಗನ ಕೋಲು ಬಾಗಿತು. ಅಜ್ಜ ಹಿಂದಿನಿಂದ ಅವನ ಸೊಂಟ ಹಿಡಿದು, "ಕೈ ಗಟ್ಟಿ ಹಿಡ್ಕೋ" ಎನ್ನುತ್ತಿದ್ದರು. ಬೆಳ್ಳಿಯಂತೆ ಹೊಳೆಯುವ ಕೋಹೋ ದೋಣಿಯ ಪಕ್ಕಕ್ಕೆ ಬಂತು. ಸಹಾಯಕ ಒಮ್ಮೆ ಬಾಗಿ ನೋಡಿ, ನೀರಿನಲ್ಲೇ ಗಾಳ ಬಿಡಿಸಿ ಅದನ್ನು ಬಿಟ್ಟುಬಿಟ್ಟ.

ಅಪ್ಪ ದಂಗಾದರು. "ಇಷ್ಟು ದುಡ್ಡು ಕೊಟ್ಟು ಬಂದು, ಸಿಕ್ಕಿದ ಮೀನು ಬಿಡುವುದಾ?"

ನಾನು ಬಾಯಿ ತೆರೆಯುವ ಮುಂಚೆಯೇ ಮಗ ಹೇಳಿದ: "ಅಜ್ಜ, ಅದರ ಬೆನ್ನಲ್ಲಿ, ಬಾಲದ ಹತ್ತಿರ, ಚಿಕ್ಕ ಈಜುರೆಕ್ಕೆ ಇತ್ತು. ಮರಿಕೇಂದ್ರದ ಮೀನಿಗೆ ಅದನ್ನು ಕಟ್ ಮಾಡಿರ್ತಾರೆ. ಇದು ಹೊಳೆಯಲ್ಲೇ ಹುಟ್ಟಿದ್ದು. ಮನೆಗೆ ಹೋಗಿ ಮರಿ ಮಾಡಬೇಕು. ನಿಮ್ಮ 61 ದಿನದ ಹಾಗೆ."

ಅವನು ಅಷ್ಟುದ್ದ ಕನ್ನಡ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ನೀರನ್ನೇ ನೋಡುತ್ತ, "ಹೌದು, ಬಿಡಬೇಕು" ಎಂದರು.

ಮಧ್ಯಾಹ್ನದೊಳಗೆ ಎರಡು ಮರಿಕೇಂದ್ರದ ಕೋಹೋ ಸಿಕ್ಕವು. ರಾತ್ರಿ ಅಪ್ಪನೇ ಕಾಯಿ ಅರೆದು, ಹುಳಿ ಹಾಕಿ ಸಾರು ಮಾಡಿದರು. ಸಾಲ್ಮನ್ ಬಂಗುಡೆಯಷ್ಟು ಮಸಾಲೆ ತಾಳುವುದಿಲ್ಲ ಎಂಬುದು ಅವರ ತೀರ್ಪು.

ಮನೆಯಲ್ಲಿ "ಕನ್ನಡದಲ್ಲಿ ಹೇಳು" ಎಂದು ನಾನು ಎಷ್ಟು ಸಲ ಗದರಿಸಿದ್ದೇನೋ ಲೆಕ್ಕವಿಲ್ಲ. ಅವನಿಗೆ ಬೇಕಾಗಿದ್ದುದು ಹೇಳಲೇಬೇಕಾದ ಒಂದು ವಿಷಯ, ಮತ್ತು ಕನ್ನಡದಲ್ಲೇ ಹೇಳಬೇಕಾದ ಒಬ್ಬ ಅಜ್ಜ. ನಿಮ್ಮ ಮನೆಯಲ್ಲಿ ಅದು ಮೀನೇ ಆಗಬೇಕಿಲ್ಲ. ಊರಿಂದ ಬರುವ ಹಿರಿಯರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಹುಡುಕಿ, ಅದರ ತಯಾರಿಯನ್ನು ಅವರಿಗೂ ಮಕ್ಕಳಿಗೂ ಒಟ್ಟಿಗೆ ಒಪ್ಪಿಸಿ. ಈಗ ಭಾನುವಾರದ ವಿಡಿಯೋ ಕರೆಯಲ್ಲಿ ನಮ್ಮ ಹುಡುಗನ ಮೊದಲ ಪ್ರಶ್ನೆ ಒಂದೇ: "ಅಜ್ಜ, ಇವತ್ತು ಅಳಿವೆ ಹೇಗಿದೆ?"