ಹೊರಡಲು ಅಪ್ಪಣೆ ಆಯಿತೇ?

ತೆಲಂಗಾಣ ಗಡಿಯ ಮಕ್ತಲ, ನಾರಾಯಣಪೇಟೆ, ಗದ್ವಾಲ ಕಡೆಯವರು ವಿಮಾನ ಹತ್ತುವುದು ಹೆಚ್ಚಾಗಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣದಲ್ಲಿ. ಬೆಲ್ಟ್ ಕಟ್ಟಿ ಕೂತ ಮೇಲೆ ವಿಮಾನ ನಿಧಾನವಾಗಿ ತೆವಳಿಕೊಂಡು ಹೋಗಿ ರನ್‌ವೇ ಹತ್ತಿರ ನಿಂತುಬಿಡುತ್ತದೆ. ಯಾಕೆ ನಿಂತಿತು ಎಂದು ಒಳಗೆ ಕೂತವರಿಗೆ ತಿಳಿಯುವುದಿಲ್ಲ. ಬಹಳ ಸಲ ಪೈಲಟ್ ಕಾಯುತ್ತಿರುವುದು ಒಂದೇ ಒಂದು ಮಾತಿಗಾಗಿ.

ವಿಮಾನ ಹೊರಡಲು ಒಂದು ಅಪ್ಪಣೆ ಸಾಲದು. ಮೊದಲು ಸಿಗುವುದು ದಾರಿಯ ಕ್ಲಿಯರೆನ್ಸ್. ಯಾವ ಊರಿಗೆ, ಯಾವ ಮಾರ್ಗದಲ್ಲಿ, ಮೊದಲಿಗೆ ಎಷ್ಟು ಎತ್ತರದವರೆಗೆ ಏರಬೇಕು, ರೇಡಾರಿನಲ್ಲಿ ಗುರುತು ಸಿಗಲು ಯಾವ ನಾಲ್ಕಂಕಿಯ ಸಂಖ್ಯೆ ಹಾಕಬೇಕು, ಎಲ್ಲವೂ ಅದರಲ್ಲಿರುತ್ತದೆ. ಆ ಸಂಖ್ಯೆಯಲ್ಲಿ 8, 9 ಬರುವುದೇ ಇಲ್ಲ. ಆಮೇಲೆ ಹಿಂದಕ್ಕೆ ತಳ್ಳಿಸಿಕೊಳ್ಳಲು ಬೇರೆ ಅಪ್ಪಣೆ, ನೆಲದ ಮೇಲೆ ಸಾಗಲು, ಅಂದರೆ ಟ್ಯಾಕ್ಸಿ ಮಾಡಲು ಬೇರೆ, ರನ್‌ವೇ ಮೇಲೆ ಬಂದು ನಿಲ್ಲಲು ಬೇರೆ. ಟೇಕಾಫ್ ಕ್ಲಿಯರೆನ್ಸ್ ಬರುವುದು ಕಟ್ಟಕಡೆಗೆ. ಮೊದಲನೆಯದು ಸಿಕ್ಕಿತೆಂದು ಕೊನೆಯದೂ ಸಿಕ್ಕಂತಲ್ಲ. ವಿಮಾನಯಾನದ ಇತಿಹಾಸದ ಅತಿ ದೊಡ್ಡ ಅಪಘಾತಕ್ಕೆ ಈ ಎರಡರ ನಡುವಿನ ಗೊಂದಲವೂ ಒಂದು ಕಾರಣವಾಯಿತು.

1977ರ ಮಾರ್ಚ್ 27. ಸ್ಪೇನ್ ದೇಶದ ಟೆನೆರಿಫ್ ದ್ವೀಪದ ಸಣ್ಣ ನಿಲ್ದಾಣ, ದಟ್ಟ ಮಂಜು. ಕೆಎಲ್‌ಎಂ ಕಂಪನಿಯ ಜಂಬೋ ವಿಮಾನ ರನ್‌ವೇ ತುದಿಯಲ್ಲಿ ಸಜ್ಜಾಗಿ ನಿಂತಿತ್ತು. ಪ್ಯಾನ್ ಆಮ್‌ನ ಇನ್ನೊಂದು ಜಂಬೋ ಅದೇ ರನ್‌ವೇ ಮೇಲೆ ಎದುರಿನಿಂದ ಟ್ಯಾಕ್ಸಿ ಮಾಡುತ್ತಿತ್ತು. ನಿಲ್ದಾಣದ ಕಂಟ್ರೋಲ್ ಟವರ್ ಕೆಎಲ್‌ಎಂಗೆ ಕೊಟ್ಟದ್ದು ದಾರಿಯ ಕ್ಲಿಯರೆನ್ಸ್ ಮಾತ್ರ. ಅದರ ಸಹಪೈಲಟ್ ಆ ಮಾತನ್ನು ತಿರುಗಿ ಒಪ್ಪಿಸಿ, ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಸೇರಿಸಿದ. ಸಿದ್ಧವಾಗಿ ನಿಂತಿದ್ದೇವೆ ಎಂದೇ, ಓಡಲು ಶುರುಮಾಡಿದ್ದೇವೆ ಎಂದೇ? ಎರಡಕ್ಕೂ ಹೊಂದುವ ಮಾತು. ನಿಂತಿದ್ದಾರೆ ಎಂದುಕೊಂಡ ಕಂಟ್ರೋಲರ್ ‘ಓಕೆ’ ಎಂದು ಕ್ಷಣ ಬಿಟ್ಟು, ‘ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ’ ಎಂದ. ಸರಿಯಾಗಿ ಅದೇ ಹೊತ್ತಿಗೆ ಪ್ಯಾನ್ ಆಮ್ ಪೈಲಟ್ ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಎಂದು ರೇಡಿಯೊ ಗುಂಡಿ ಒತ್ತಿದ.

ವಿಮಾನದ ರೇಡಿಯೊ ನಮ್ಮ ಫೋನಿನ ಹಾಗಲ್ಲ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಿಸಿಕೊಳ್ಳಬಹುದು. ಒಂದು ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಒತ್ತಿದರೆ ಎರಡೂ ತರಂಗ ಒಂದರ ಮೇಲೊಂದು ಬಿದ್ದು ಕೀರಲು ಸದ್ದಾಗುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಮಾತ್ರ, ಅದರ ಬೆನ್ನಿಗೇ ಸುಮಾರು ನಾಲ್ಕು ಸೆಕೆಂಡು ಆ ಕೀರಲು. ‘ಆ ಪ್ಯಾನ್ ಆಮ್ ಇನ್ನೂ ಹೊರಗೆ ಹೋಗಿಲ್ಲವೇ?’ ಎಂದು ಫ್ಲೈಟ್ ಇಂಜಿನಿಯರ್ ಕೇಳಿಯೇ ಕೇಳಿದ. ಹೋಗಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದ. ಆತ ಕಂಪನಿಯ ಹಿರಿಯ ತರಬೇತುದಾರ. ಎರಡೂ ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತರು.

ಮಾತಿನ ತಪ್ಪೆಂದರೆ ಭಾಷೆ ಬಾರದವರ ತಪ್ಪು ಎಂದು ಬಗೆಯುವುದು ಸುಲಭ. ಆದರೆ ನಮ್ಮ ಗಡಿಯ ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಉತ್ತರ ಪಡೆದು, ಉರ್ದುವಿನಲ್ಲಿ ಚೌಕಾಸಿ ಮಾಡಿದರೂ ವ್ಯಾಪಾರ ಕುದುರುತ್ತದೆ. ಭಾವ ತಿಳಿದರೆ ಅಲ್ಲಿ ಸಾಕು. ರನ್‌ವೇ ತುದಿಯಲ್ಲಿ ಭಾವ ತಿಳಿದರೆ ಸಾಲದು. ಹೊರಡುವ ಆತುರದಲ್ಲಿರುವ ಕಿವಿ ‘ಹೊರಡು’ ಎಂದೇ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಟೆನೆರಿಫ್ ನಂತರ ನಿಯಮ ಬಿಗಿಯಾಯಿತು: ‘ಟೇಕಾಫ್’ ಎಂಬ ಪದವನ್ನು ಆ ಅಪ್ಪಣೆ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು. ಅಪ್ಪಣೆಗೆ ಬರೀ ‘ಓಕೆ’ ಎಂದರೆ ನಡೆಯದು. ಪೈಲಟ್ ಅದನ್ನು ತಿರುಗಿ ಒಪ್ಪಿಸಬೇಕು, ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಬೇಕು.

ರೈಲ್ವೆಯವರಿಗೆ ಇಂಥ ಬಿಗಿ ನಿಯಮ ಹೊಸದೇನಲ್ಲ. ನಮ್ಮ ರೈಲ್ವೆಯಲ್ಲಿ ಫೋನಿನ ಮೇಲೆ ಲೈನ್ ಕ್ಲಿಯರ್, ಅಂದರೆ ರೈಲು ಬಿಡಲು ಒಪ್ಪಿಗೆ, ಕೊಡುವಾಗ ‘ಸರಿ, ಬಿಡಿ’ ಎಂದರೆ ಸಾಲದು, ಪ್ರೈವೇಟ್ ನಂಬರ್ ಕೊಡಬೇಕು. ಹಾಳೆಯಲ್ಲಿ ಮೊದಲೇ ಅಚ್ಚಾದ ಎರಡಂಕಿಯ ಸಂಖ್ಯೆ ಅದು. ಕೊಟ್ಟವರು ಅದನ್ನು ಹೊಡೆದುಹಾಕುತ್ತಾರೆ, ಪಡೆದವರು ಬರೆದುಕೊಳ್ಳುತ್ತಾರೆ. ಆ ನಂಬರನ್ನು ಯಾರೂ ಊಹಿಸಿ ಹೇಳಲಾರರು. ಆಕಾಶದ ರೇಡಿಯೊದಲ್ಲಿ ಇಂಥ ನಂಬರ್ ಇಲ್ಲ, ಮಾತೊಂದೇ ಆಧಾರ.

ಒಪ್ಪಿಸಿದ ಮಾತು ಸರಿಯಿದ್ದೂ ತಿಳಿವಳಿಕೆ ತಪ್ಪಬಹುದು. 2024ರ ಜನವರಿ 2ರಂದು ಟೋಕಿಯೊದ ಹನೆಡಾದಲ್ಲಿ ‘ಹೊರಡುವ ಸಾಲಿನಲ್ಲಿ ನೀವು ಮೊದಲನೆಯವರು, ರನ್‌ವೇ ಹೊರಗಿನ ಗೆರೆಯವರೆಗೆ ಬನ್ನಿ’ ಎಂಬ ಸೂಚನೆ ಬಂತು. ಕೋಸ್ಟ್ ಗಾರ್ಡ್ ವಿಮಾನದವರು ಅದನ್ನು ಸರಿಯಾಗಿಯೇ ಒಪ್ಪಿಸಿ, ನೇರ ರನ್‌ವೇಗೇ ನುಗ್ಗಿದರು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಬಂದು ಅಪ್ಪಳಿಸಿತು. ಅದರಲ್ಲಿದ್ದ 379 ಜನ ಬದುಕಿದರು, ಕೋಸ್ಟ್ ಗಾರ್ಡ್‌ನ ಐವರು ಉಳಿಯಲಿಲ್ಲ.

ಬೆಂಗಳೂರಿನ ಕಥೆ ಇನ್ನೊಂದು ಬಗೆಯದು. 2022ರ ಜನವರಿಯ ಒಂದು ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದಲ್ಲಿ ಉತ್ತರದ ರನ್‌ವೇ ಹೊರಡುವವರಿಗೆ, ದಕ್ಷಿಣದ್ದು ಇಳಿಯುವವರಿಗೆ ಎಂದಿತ್ತು. ನಡುವೆ ಪಾಳಿಯ ಉಸ್ತುವಾರಿ ದಕ್ಷಿಣದ್ದನ್ನು ಮುಚ್ಚಿ ಎಲ್ಲವನ್ನೂ ಉತ್ತರದಲ್ಲೇ ನಡೆಸಲು ತೀರ್ಮಾನಿಸಿದರು. ಆ ಸುದ್ದಿ ದಕ್ಷಿಣದ ಟವರ್ ಕಂಟ್ರೋಲರ್‌ಗೆ ಮುಟ್ಟಲಿಲ್ಲ. ಅವರು ಕೋಲ್ಕತ್ತಾಗೆ ಹೊರಟ ಇಂಡಿಗೊ ವಿಮಾನಕ್ಕೆ ಅಪ್ಪಣೆ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಭುವನೇಶ್ವರಕ್ಕೆ ಹೊರಟ ಇಂಡಿಗೊಗೆ ಕೊಟ್ಟರು. ಪೈಲಟ್‌ಗಳ ಪಾಲಿಗೆ ಅಪ್ಪಣೆ ಅಪ್ಪಣೆಯೇ. ಎರಡೂ ಒಂದೇ ದಿಕ್ಕಿಗೆ ಏರಿ ಒಂದಕ್ಕೊಂದು ಹತ್ತಿರವಾದವು. ರೇಡಾರ್ ನೋಡುತ್ತಿದ್ದ ಕಂಟ್ರೋಲರ್ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ 400ಕ್ಕೂ ಹೆಚ್ಚು ಜೀವ ಉಳಿಯಿತು.

ಈ ಘಟನೆ ಯಾವ ಲಾಗ್‌ಬುಕ್ಕಿನಲ್ಲೂ ದಾಖಲಾಗಿರಲಿಲ್ಲ ಎಂದು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪ್ರಾಥಮಿಕ ತನಿಖೆಯನ್ನು ಉಲ್ಲೇಖಿಸಿ ಕೆಲವು ದಿನಗಳ ಮೇಲೆ ಪತ್ರಿಕೆಗಳು ಬರೆದವು. ಟೆನೆರಿಫ್‌ನ ಆ ನಾಲ್ಕು ಸೆಕೆಂಡು ನಮಗೆ ಗೊತ್ತಾದದ್ದೇ ಕಾಕ್‌ಪಿಟ್ ಧ್ವನಿಮುದ್ರಣ ಉಳಿದಿದ್ದರಿಂದ. ಬೆಂಗಳೂರಿನಲ್ಲಿ ದಕ್ಷಿಣದ ಟವರಿಗೆ ಹೇಳದೆ ಬಿಟ್ಟದ್ದಕ್ಕಿಂತ, ಆಮೇಲೆ ಬರೆಯದೆ ಬಿಟ್ಟದ್ದೇ ದೊಡ್ಡ ತಪ್ಪು.