ಅಳುತ್ತಲೇ ಕುಣಿಯುವ ಆಂಡಿಸ್

1989ರಲ್ಲಿ ‘ಲಂಬಾಡಾ’ ಎಂಬ ಹಾಡು ಜಗತ್ತನ್ನೇ ಕುಣಿಸಿತು. ಫ್ರಾನ್ಸಿನ ಕಯೋಮಾ ತಂಡ ಹಾಡಿದ ಅದರ ಧಾಟಿ ಬೊಲಿವಿಯಾದ್ದು. ಲೋಸ್ ಕಾರ್ಕಾಸ್ ತಂಡದ ಎರ್ಮೋಸಾ ಸೋದರರು ಕಟ್ಟಿದ್ದು. ಅಪ್ಪಣೆಯಿಲ್ಲದೆ ಎತ್ತಿಕೊಂಡದ್ದಕ್ಕೆ ಅವರು ಕಾನೂನಿನ ಹೋರಾಟ ನಡೆಸಿ ತಮ್ಮ ಹಕ್ಕು ಪಡೆದರು. ಆ ಹಾಡು ಅಳುತ್ತ ಹೊರಟುಹೋದ ಒಲವಿನದು. ಕುಣಿದವರಲ್ಲಿ ಎಷ್ಟು ಜನಕ್ಕೆ ಆ ಅಳು ಕೇಳಿಸಿತೋ!

ಆಂಡಿಸ್ ಬೆಟ್ಟಸೀಮೆಯಲ್ಲಿ ಅಳುವಿಗೂ ಕುಣಿತಕ್ಕೂ ಹಗೆಯಿಲ್ಲ. ಅಲ್ಲಿನ ‘ವೈನೊ’ ಹಾಡುಗಳ ಲಯ ಕಾಲನ್ನು ಸುಮ್ಮನಿರಗೊಡದು; ಮಾತು ಮಾತ್ರ ಎಷ್ಟೋ ಸಲ ಅಗಲಿಕೆಯದು. ನಲ್ಲೆ ಅಲ್ಲಿ ಹಾರಿಹೋದ ಪಾರಿವಾಳ. ಕೊನೆಗೆ ‘ಫುಗಾ’ ಬರುತ್ತದೆ: ಲಯ ಚುರುಕಾಗಿ, ಹಿಮ್ಮಡಿಗಳು ನೆಲ ತಟ್ಟುತ್ತವೆ. ಗಂಟಲಲ್ಲಿದ್ದ ದುಃಖ ಕಾಲಿಗಿಳಿಯುತ್ತದೆ.

ಕುಣಿಯದ ದುಃಖಕ್ಕೆ ‘ಯರಾವಿ’ ಇದೆ, ನಿಧಾನದ ವಿರಹಗೀತೆ. ಅದಕ್ಕೆ ಹೆಸರು ತಂದವನು ಪೆರುವಿನ ಅರೆಕಿಪಾದ ಕವಿ ಮರಿಯಾನೊ ಮೆಲ್ಗರ್. ಕೈಗೆಟುಕದ ಪ್ರೇಯಸಿಯನ್ನು ‘ಸಿಲ್ವಿಯಾ’ ಎಂದು ಕರೆದು ಹಾಡು ಕಟ್ಟಿದ. ಸ್ಪೇನಿನ ಆಳ್ವಿಕೆಯ ವಿರುದ್ಧದ ದಂಗೆಗೆ ಸೇರಿ, 1815ರಲ್ಲಿ ಉಮಾಚಿರಿ ಕಾಳಗದಲ್ಲಿ ಸೆರೆಸಿಕ್ಕು ಗುಂಡಿಗೆ ಬಲಿಯಾದಾಗ ಅವನಿಗೆ 24 ವರ್ಷ. ಯರಾವಿಯನ್ನೂ ಜನ ಹಾಗೇ ಬಿಡುವುದಿಲ್ಲ. ಬಾಲಕ್ಕೊಂದು ವೈನೊ ಜೋಡಿಸುತ್ತಾರೆ. 1913ರಲ್ಲಿ ದಾನಿಯೆಲ್ ಅಲೊಮಿಯಾ ರೊಬ್ಲೆಸ್ ರಂಗಕ್ಕಾಗಿ ರಚಿಸಿದ ‘ಎಲ್ ಕೊಂಡೊರ್ ಪಾಸಾ’ ಕೂಡ ನಿಧಾನವಾಗಿ ಮೊದಲಾಗಿ ಕುಣಿತಕ್ಕೆ ಹೊರಳುತ್ತದೆ. 1970ರಲ್ಲಿ ಅಮೆರಿಕದ ಗಾಯಕ ಜೋಡಿ ಸೈಮನ್ ಮತ್ತು ಗಾರ್ಫಂಕೆಲ್ ಹಾಡಿದ್ದು ಆ ನಿಧಾನದ ಭಾಗವನ್ನಷ್ಟೇ. ಲಂಬಾಡಾದಲ್ಲಿ ಜಗತ್ತು ಕುಣಿತವನ್ನು ಆರಿಸಿಕೊಂಡಿತು, ಇಲ್ಲಿ ದುಃಖವನ್ನು. ಒಂದೇ ಒಡಲಿನದನ್ನು ಹೀಗೆ ಸೀಳಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಎರಡೂ ಬೇರೆಯಾಗದೆ ಉಳಿದಿರುವುದು ‘ಕಚರ್ಪಾಯ’ದಲ್ಲಿ, ಅಂದರೆ ಬೀಳ್ಕೊಡುಗೆಯ ಹಾಡು-ಕುಣಿತದಲ್ಲಿ. ಹೊರಟುನಿಂತ ನೆಂಟರಿಗೆ, ಮುಗಿಯುತ್ತಿರುವ ಕಾರ್ನಿವಲ್‌ಗೆ, ಕಡೆಗೆ ಸತ್ತವರಿಗೂ ಅದು ಸಲ್ಲುತ್ತದೆ. ಬೊಲಿವಿಯಾದ ಎತ್ತರದ ಊರುಗಳಲ್ಲಿ ನವೆಂಬರ್ 1ರ ನಡುಹಗಲು ಹಿರಿಯರ ಆತ್ಮಗಳು ಮನೆಗೆ ಬರುತ್ತವೆಂಬ ನಂಬಿಕೆ. ರೊಟ್ಟಿಯ ಬೊಂಬೆಗಳನ್ನಿಟ್ಟು ಎಡೆ ಮಾಡುತ್ತಾರೆ. ಮರುದಿನ ನಡುಹಗಲಿಗೆ ಉಣಿಸು, ಪ್ರಾರ್ಥನೆ, ಹಾಡುಗಳೊಡನೆ ಕಳಿಸಿಕೊಡುತ್ತಾರೆ. ಅಳುವವರನ್ನು ಯಾರೂ ತಡೆಯುವುದಿಲ್ಲ. ಆ ದಿನದಿಂದಾಚೆ ಅದೇ ದೇಶದ ಪೊಟೊಸಿ ಸೀಮೆಯ ಉತ್ತರದ ಹಳ್ಳಿಗಳಲ್ಲಿ ಮಳೆಗಾಲದ ವಾದ್ಯ ‘ಪಿಂಕಿಲ್ಯು’ ಎಂಬ ಮರದ ಕೊಳಲು ಹೊರಬರುತ್ತದೆ. ಬಿತ್ತಿದ ಆಲೂಗಡ್ಡೆ ಬೆಳೆಯುವಷ್ಟು ಕಾಲವೂ ನುಡಿಸಿ, ಕಾರ್ನಿವಲ್ ಮುಗಿದಾಗ ಅದನ್ನೂ ಕುಣಿಯುತ್ತಲೇ ಬೀಳ್ಕೊಡುತ್ತಾರೆ.